ಹಳೆ ಜೇನುಪೆಟ್ಟಿಗೆ ಕೊಳ್ಳುವ ಮುನ್ನ

ಮಲೆನಾಡು, ಕರಾವಳಿಯ ಹಳೆ ಮನೆಗಳ ಅಟ್ಟ ಹತ್ತಿದರೆ ಅಡಿಕೆ ಗೋಣಿ, ಮುರಿದ ತೊಟ್ಟಿಲುಗಳ ಸಂದಿಯಲ್ಲಿ ಒಂದೆರಡು ಜೇನುಪೆಟ್ಟಿಗೆ ಕಣ್ಣಿಗೆ ಬೀಳುವುದು ಅಪರೂಪವೇನಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕರ್ನಾಟಕದ ತುಡುವೆ ಜೇನಿಗೆ ಬಡಿಯಿತು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಬಹುಪಾಲು ಜೇನು ಕುಟುಂಬಗಳು ನಾಶವಾಗಿ, ಎಷ್ಟೋ ಪೆಟ್ಟಿಗೆಗಳು ಅಟ್ಟ ಸೇರಿದವು. ಅಂಥವೋ, ಸಾಕಣೆ ಕೈಬಿಟ್ಟವರ ಪೆಟ್ಟಿಗೆಗಳೋ ಈಗ ಹೊಸಬರಿಗೆ ಅಗ್ಗಕ್ಕೆ ಸಿಗುತ್ತವೆ. ಕೊಳ್ಳಬಾರದೆಂದಿಲ್ಲ. ಆದರೆ ಬೆಲೆ ಕೇಳುವ ಮೊದಲು ಇನ್ನೊಂದು ಮಾತು ಕೇಳಬೇಕು: ಈ ಪೆಟ್ಟಿಗೆ ಖಾಲಿಯಾದದ್ದು ಹೇಗೆ?

ಖಾಲಿಯಾದ ಬಗೆ

‘ಹುಳ ಹಾರಿಹೋಯ್ತು’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಅದು ಸುಳ್ಳೇ ಆಗಬೇಕಿಲ್ಲ. ಇರುವೆ ಕಾಟಕ್ಕೆ, ಮಳೆಗಾಲದ ಹಸಿವಿಗೆ ತುಡುವೆ ಗೂಡು ಬಿಟ್ಟು ಹೋಗುತ್ತದೆ. ಅಂಥ ಪೆಟ್ಟಿಗೆಗೆ ಹೆದರಬೇಕಾಗಿಲ್ಲ. ಮರಿಗಳು ಎರಿಯಲ್ಲೇ ಸತ್ತು ಕುಟುಂಬ ಕರಗಿದ್ದರೆ ಮಾತ್ರ ವಿಷಯ ಬೇರೆ. ಮಾರುವವರಿಗೇ ಅದು ಗೊತ್ತಿಲ್ಲದಿರಬಹುದು, ಎರಿಗೆ ಗೊತ್ತಿರುತ್ತದೆ.

ಬೆಳಕಿಗೆ ಬೆನ್ನು ಹಾಕಿ ನಿಂತು, ಚೌಕಟ್ಟಿನ ಮೇಲ್ಪಟ್ಟಿಯನ್ನು ನಿಮ್ಮ ಕಡೆಗೆ ಬಾಗಿಸಿ, ಕೋಶಗಳ ಕೆಳಗೋಡೆ ನೋಡಿ. ಅಲ್ಲಿ ಒಣಗಿ ಕಪ್ಪಾದ ಹೊಪ್ಪಳೆ ಕಂಡರೆ ಸೂಜಿಯಿಂದ ಎಬ್ಬಿಸಿ. ಸ್ಯಾಕ್‌ಬ್ರೂಡ್‌ನಿಂದ ಸತ್ತ ಮರಿಯದಾದರೆ ಸಲೀಸಾಗಿ ಕಳಚಿ ಬರುತ್ತದೆ. ಗೋಡೆಗೆ ಅಂಟು ಹಾಕಿದ ಹಾಗೆ ಕಚ್ಚಿಕೊಂಡಿದ್ದರೆ ಅಮೆರಿಕನ್ ಫೌಲ್‌ಬ್ರೂಡ್ ಇರಬಹುದೆಂದು ಅನುಮಾನಿಸಬೇಕು. ಈ ರೋಗದಿಂದ ಹೊಸದಾಗಿ ಸತ್ತ ಮರಿಗೆ ಬೆಂಕಿಕಡ್ಡಿ ಚುಚ್ಚಿ ಎಳೆದರೆ ಕಂದು ಲೋಳೆ ದಾರದಂತೆ ಹಿಗ್ಗಿ ಬರುತ್ತದೆ.

ಎರಡು ರೋಗ, ಎರಡು ಆಯುಸ್ಸು

ಇಷ್ಟು ಸೂಕ್ಷ್ಮವಾಗಿ ನೋಡುವುದಕ್ಕೆ ಕಾರಣವಿದೆ. ಸ್ಯಾಕ್‌ಬ್ರೂಡ್ ವೈರಸ್ ಕುಟುಂಬಕ್ಕೆ ಯಮನಾದರೂ ಖಾಲಿ ಪೆಟ್ಟಿಗೆಯಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ. ಒಣಗಿದ ಮರಿಯಲ್ಲಿ ಕೆಲವೇ ವಾರಗಳಲ್ಲಿ ಅದರ ಸೋಂಕುಶಕ್ತಿ ಮುಗಿಯುತ್ತದೆ. ಮೂವತ್ತು ವರ್ಷ ಅಟ್ಟದಲ್ಲಿದ್ದ ಪೆಟ್ಟಿಗೆಯಿಂದ ಆ ಭಯವಿಲ್ಲ. ಕಳೆದ ತಿಂಗಳಷ್ಟೇ ಖಾಲಿಯಾದದ್ದರಿಂದ ಇದೆ.

ಅಮೆರಿಕನ್ ಫೌಲ್‌ಬ್ರೂಡ್‌ನ ಲೆಕ್ಕ ಇದಕ್ಕೆ ತದ್ವಿರುದ್ಧ. ಪೇನಿಬ್ಯಾಸಿಲಸ್ ಲಾರ್ವೇ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು 35 ವರ್ಷ ದಾಟಿಯೂ ಮರದಲ್ಲಿ, ಎರಿಯಲ್ಲಿ ಬದುಕಿರಬಲ್ಲವು. ಕುದಿನೀರು ಸುರಿದರೂ ಬಿಸಿಲಲ್ಲಿ ಒಣಗಿಸಿದರೂ ಸಾಯುವುದಿಲ್ಲ. ನ್ಯೂಜಿಲೆಂಡಿನಲ್ಲಿ ಮರದ ಪೆಟ್ಟಿಗೆಯನ್ನು 160 ಡಿಗ್ರಿ ಸೆಲ್ಸಿಯಸ್ ಕಾದ ಪ್ಯಾರಾಫಿನ್ ಮೇಣದಲ್ಲಿ 10 ನಿಮಿಷ ಮುಳುಗಿಸಿ ಶುದ್ಧಮಾಡುವ ಪದ್ಧತಿಯಿದೆ. ಆಸ್ಟ್ರೇಲಿಯಾದಲ್ಲಿ ಗಾಮಾ ಕಿರಣ ಹಾಯಿಸುತ್ತಾರೆ. ಅಷ್ಟು ಕಾದ ಮೇಣವನ್ನು ಹಿತ್ತಲಿನ ಒಲೆಯ ಮೇಲಿಡುವ ಸಾಹಸ ಬೇಡ, ಮನೆಗೇ ಬೆಂಕಿ ಬಿದ್ದೀತು. ಅನುಮಾನ ಗಟ್ಟಿಯಾದರೆ ಗುಂಡಿ ತೋಡಿ, ಚೌಕಟ್ಟು ಎರಿ ಸಮೇತ ಸುಟ್ಟು, ಮಣ್ಣು ಮುಚ್ಚುವುದೇ ಸರಿ.

ಎರಿ ತೆಗೆದುಕೊಳ್ಳಬೇಡಿ

ಕಟ್ಟಿದ ಎರಿ ಸಿಕ್ಕರೆ ಹುಳಕ್ಕೆ ಮೇಣ ಮಾಡುವ ಶ್ರಮ ಉಳಿಯುತ್ತದೆ, ನಿಜ. ಆದರೂ ಪರರ ಎರಿ ಬೇಡವೆಂದೇ ನನ್ನ ಪಕ್ಷ. ರೋಗ ಅಡಗುವುದು ಹೆಚ್ಚಾಗಿ ಅಲ್ಲೇ. ಮೇಣದ ಪತಂಗ ಬರುವುದೂ ಅಲ್ಲಿಗೇ. ಅದರ ಹುಳುವಿಗೆ ಬರೀ ಮೇಣ ಸಾಲದು. ಮರಿಗಳು ಬಿಟ್ಟ ಪೊರೆ, ಪರಾಗ ಬೇಕು. ಹಾಗಾಗಿ ಬೆಳ್ಳಗಿನ ಹೊಸ ಎರಿಗಿಂತ ಕರಿಯ ಹಳೆ ಎರಿಯೇ ಅದಕ್ಕೆ ಹಬ್ಬ. ಎರಿಯನ್ನು ಕರಗಿಸಿ ಮೇಣ ಮಾಡಿ, ಅಥವಾ ಸುಟ್ಟುಬಿಡಿ. ಅದರಲ್ಲಿ ಉಳಿದ ಜೇನನ್ನು, ಎಷ್ಟೇ ಚೆನ್ನಾಗಿ ಕಂಡರೂ, ನಿಮ್ಮ ಹುಳಕ್ಕೆ ಉಣಿಸಬೇಡಿ. ಆಹಾರ ಕೊಡಲೇಬೇಕಾದರೆ ಸಕ್ಕರೆ ಪಾಕವಿದೆ.

ಮರವನ್ನು ಓದುವುದು

ಪೆಟ್ಟಿಗೆಯ ಒಳಗೋಡೆಯಲ್ಲಿ ಬೆರಳ ಉಗುರಿನಷ್ಟು ಉದ್ದದ, ದೋಣಿಯಾಕಾರದ ತೋಡುಗಳ ಸಾಲು ಕಂಡರೆ ಅದು ಗೆದ್ದಲಿನ ಕೆಲಸವಲ್ಲ. ಗೂಡು ಕಟ್ಟುವ ಮೊದಲು ಮೇಣದ ಪತಂಗದ ಹುಳು ಮರ ಕೊರೆದು ಮಾಡಿಕೊಂಡ ಹಾಸಿಗೆ ಅದು. ನೋಡಲು ಅಸಹ್ಯ, ಪೆಟ್ಟಿಗೆಗೆ ದೊಡ್ಡ ಹಾನಿಯಿಲ್ಲ.

ಬಳಿಕ ಮೂಸಿ ನೋಡಿ. ಖಾಲಿ ಪೆಟ್ಟಿಗೆ ಕಂಡರೆ ಏನಾದರೂ ತುಂಬಿಡುವುದು ನಮ್ಮವರ ಸ್ವಭಾವ. ಮೈಲುತುತ್ತದ ಪೊಟ್ಟಣ, ಕೀಟನಾಶಕದ ಬಾಟಲಿ, ಗೆದ್ದಲಿಗೆ ಹೊಡೆಯುವ ಎಣ್ಣೆ ಎಲ್ಲವೂ ಅದರಲ್ಲಿ ಕೂತು ಹೋಗಿರಬಹುದು. ರೋಗವನ್ನಾದರೂ ಬೆಂಕಿಯಿಂದ ಓಡಿಸಬಹುದು, ಮರ ಹೀರಿದ ವಿಷವನ್ನು ತೊಳೆದು ತೆಗೆಯಲಾಗದು. ಅಂಥದ್ದನ್ನು ಬಿಟ್ಟು ಬನ್ನಿ.

ರೋಗ, ವಿಷ ಎರಡರ ಅನುಮಾನವೂ ಇಲ್ಲದ ಪೆಟ್ಟಿಗೆಯನ್ನು ಮೊದಲು ಚೆನ್ನಾಗಿ ಕೆರೆಯಬೇಕು. ಮೇಣದ ಪದರ ಇದ್ದರೆ ಬೆಂಕಿಯ ಶಾಖ ಮರಕ್ಕೆ ತಾಗುವುದೇ ಇಲ್ಲ. ಕೆರೆದ ಕಸವನ್ನು ಅಂಗಳದಲ್ಲಿ ಚೆಲ್ಲಬೇಡಿ, ಪಕ್ಕದ ಮನೆಯ ಜೇನು ಬಂದು ನೆಕ್ಕುತ್ತದೆ. ಕಾಗದದ ಮೇಲೆ ಹಿಡಿದು ಸುಡಿ. ಆಮೇಲೆ ಗ್ಯಾಸ್ ಟಾರ್ಚಿನಿಂದ, ಇಲ್ಲದಿದ್ದರೆ ಒಣ ತೆಂಗಿನ ಗರಿಯ ಸೂಡಿಯಿಂದ, ಒಳಮೈ ಕಾಫಿಪುಡಿ ಬಣ್ಣಕ್ಕೆ ತಿರುಗುವಷ್ಟು ಹದವಾಗಿ ಸುಡಬೇಕು. ಮೂಲೆ, ಬಿರುಕು, ಚೌಕಟ್ಟು ಕೂರುವ ತೋಡುಗಳ ಕಡೆ ಹೆಚ್ಚು ಗಮನ ಇರಲಿ. ಪತಂಗದ ಮೊಟ್ಟೆಗಳಿರುವುದು ಅಂಥ ಜಾಗದಲ್ಲೇ.

ಅಳತೆಯ ತಾಪತ್ರಯ

ತುಡುವೆಗೆಂದು ಮಾಡಿದ ನ್ಯೂಟನ್ ಪೆಟ್ಟಿಗೆ ಚಿಕ್ಕದು, ಯುರೋಪಿನ ಮೆಲ್ಲಿಫೆರಾ ಜೇನಿನ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆ ದೊಡ್ಡದು. ಒಂದರ ಚೌಕಟ್ಟು ಇನ್ನೊಂದಕ್ಕೆ ಹೊಂದುವುದಿಲ್ಲ. ಊರ ಬಡಗಿ ಕಣ್ಣಳತೆಯಲ್ಲಿ ಮಾಡಿದ ಪೆಟ್ಟಿಗೆಯಾದರೆ ಎರಡಕ್ಕೂ ಇಲ್ಲ. ಹುಳ ಓಡಾಡುವ ಸಂದಿ ತುಡುವೆಗೆ ಸುಮಾರು 8 ಮಿಲಿಮೀಟರ್ ಇರಬೇಕು. ಅದಕ್ಕಿಂತ ತುಂಬ ಹೆಚ್ಚಾದರೆ ಸಂದಿಯಲ್ಲೂ ಎರಿ ಕಟ್ಟಿ ಪೆಟ್ಟಿಗೆಯನ್ನೇ ಬೆಸೆದುಬಿಡುತ್ತದೆ. ಟೇಪು ಹಿಡಿದೇ ಹೋಗಿ.

ಲೋಹ, ಬಟ್ಟೆ

ಹೊಗೆತಿದಿ, ಚಾಕು ಮುಂತಾದ ಉಕ್ಕಿನ ಸಾಮಾನಿಗೆ 5 ಲೀಟರ್ ನೀರಿಗೆ 1 ಕಿಲೋ ವಾಷಿಂಗ್ ಸೋಡಾ ಹಾಕಿ ಉಜ್ಜಿದರೆ ಮೇಣ, ಮಸಿ ಬಿಡುತ್ತದೆ. ರಬ್ಬರ್ ಕೈಗವಸು ಹಾಕಿಕೊಳ್ಳಿ, ಅಲ್ಯೂಮಿನಿಯಂಗೆ ಇದು ಬೇಡ. ಮುಖಪರದೆ, ಅಂಗಿ ಒಗೆದರೆ ಸಾಕು. ಚರ್ಮದ ಕೈಗವಸನ್ನು ಶುದ್ಧಮಾಡುವುದು ಕಷ್ಟ, ಹೊಸದನ್ನೇ ಕೊಳ್ಳಿ. ಜೇನು ತೆಗೆಯುವ ಹಳೆ ಯಂತ್ರ ಬೆಸುಗೆ ಹಾಕಿದ ತಗಡಿನದ್ದಾದರೆ ಬೇಡವೇ ಬೇಡ. ಜೇನಿನ ಹುಳಿಗೆ ಬೆಸುಗೆಯ ಸೀಸವೂ ತಗಡಿನ ಸತುವೂ ಕರಗಬಲ್ಲವು.

ಮೊದಲ ವರ್ಷ

ಹಳೆ ಪೆಟ್ಟಿಗೆಗೆ ನಂಬರ್ ಬರೆದು, ಅದರಲ್ಲಿ ಕೂರಿಸಿದ ಕುಟುಂಬವನ್ನು ಉಳಿದವುಗಳಿಂದ ದೂರದಲ್ಲಿಡಿ. ಒಂದು ವರ್ಷ ಅದರ ಚೌಕಟ್ಟನ್ನು ಬೇರೆ ಪೆಟ್ಟಿಗೆಗೆ ಹಾಕಬೇಡಿ, ಬೇರೆಯದನ್ನು ಅದಕ್ಕೂ ಬೇಡ. ಕುಟುಂಬ ಪಾಲು ಮಾಡುವ ಕಾಲದಲ್ಲಿ ಇದು ಮರೆತೇ ಹೋಗುತ್ತದೆ. ಅದಕ್ಕೇ ನಂಬರನ್ನು ಮುಚ್ಚಳದ ಮೇಲಲ್ಲ, ಪೆಟ್ಟಿಗೆಯ ಮೈಮೇಲೆ ಬರೆಯಬೇಕು. ಮುಚ್ಚಳ ಅದಲುಬದಲಾಗುತ್ತದೆ.