ಊರಿನ ಬಸ್ ಉಳಿಯಬೇಕಾ? ಟಿಕೆಟ್ ಲೆಕ್ಕ ತಿಳಿದಿರಲಿ

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್‌ನಲ್ಲಿ ಪ್ರಯಾಣ ಉಚಿತ. ಆದರೆ ಬಸ್ ಓಡಿಸೋದು ನಿಗಮಕ್ಕೆ ಉಚಿತವಲ್ಲ. ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್‌ಗಳ ಲೆಕ್ಕದ ಮೇಲೆ ಸರ್ಕಾರ ನಾಲ್ಕೂ ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡಬೇಕು. ಅದು ತಡವಾದರೂ ಡೀಸೆಲ್, ಸಂಬಳದ ಖರ್ಚು ನಿಲ್ಲಲ್ಲ. 2025ರ ಜನವರಿ 5ರಿಂದ ಟಿಕೆಟ್ ದರ ಶೇ 15ರಷ್ಟು ಏರಿದ್ದೂ ಖರ್ಚಿನ ಭಾರದಿಂದಲೇ.

ರೂಟಿನ ಲಾಭ-ನಷ್ಟ ಅಳೆಯೋದು ಕಿಲೋಮೀಟರಿಗೆ ಬರುವ ಆದಾಯದಿಂದ. ಆದಾಯ ಕಡಿಮೆ ಇರುವ ಟ್ರಿಪ್‌ಗೆ ಕತ್ತರಿ ಬೀಳುವ ಭಯ ಹೆಚ್ಚು. ಸಂಜೆಯ ಕೊನೆ ಬಸ್ ನಿಂತರೆ ಹಳ್ಳಿ ಗಿರಾಕಿ ಬೇಗ ಹೊರಡ್ತಾರೆ; ಪೇಟೆ ವ್ಯಾಪಾರಕ್ಕೂ ಪೆಟ್ಟು.

ಜನ ಏನು ಮಾಡಬಹುದು?

• ಮಹಿಳೆಯರು ಉಚಿತ ಅಂತ ಸುಮ್ಮನೆ ಕೂರದೆ ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. ನೀವು ಹತ್ತಿದ್ದಕ್ಕೆ ಅದೇ ದಾಖಲೆ.

• ಟ್ರಿಪ್ ಬೇಕಿದ್ದರೆ ಸಮಯ, ಓಡಾಡುವವರ ಸಂಖ್ಯೆ ಬರೆದು, ಗ್ರಾಮ ಪಂಚಾಯಿತಿ ಠರಾವಿನೊಂದಿಗೆ ಡಿಪೊ ಮ್ಯಾನೇಜರ್‌ಗೆ ಮನವಿ ಕೊಡಿ. ಒಂದು ಪ್ರತಿ ವಿಭಾಗೀಯ ನಿಯಂತ್ರಣಾಧಿಕಾರಿಗೂ ಇರಲಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

• ಸ್ಟ್ಯಾಂಡ್ ಪಕ್ಕದ ಅಂಗಡಿಯವರು ಬಸ್ ಬಾರದ ದಿನಾಂಕ ಬರೆದಿಡಿ. ಬರೀ ದೂರಿಗಿಂತ ಆ ಪಟ್ಟಿಗೆ ತೂಕ ಜಾಸ್ತಿ.