ಏಳು ತಂತಿ, ಒಂದು ಸ್ಯಾಕ್ಸೊಫೋನ್

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಮದ್ದೂರನ್ನು ದಾಟಿ ಮಂಡ್ಯವನ್ನು ಸೇರುವುದರೊಳಗೆ ಗೆಜ್ಜಲಗೆರೆ ಸಿಕ್ಕುತ್ತದೆ. ಇಂದು ಆ ಹೆಸರನ್ನು ಕೇಳಿದವರಿಗೆ ಮೊದಲು ನೆನಪಾಗುವುದು ಅಲ್ಲಿಯ ಹಾಲಿನ ಡೈರಿ. ಹೆಸರಿನೊಳಗೆ ಗೆಜ್ಜೆಯ ದನಿಯನ್ನು ಕೇಳಿ ಸಂತೋಷಪಡುವವರೂ ಉಂಟು. ಅವರ ಸಂತೋಷಕ್ಕೆ ಭಂಗ ತರುವುದು ನನ್ನ ಉದ್ದೇಶವಲ್ಲ. ಆದರೆ ನಮ್ಮ ಕಡೆಯ ಮಾತಿನಲ್ಲಿ ಗೆಜ್ಜಲು ಎಂದರೆ ಗೆದ್ದಲು. ಊರಿಗೆ ಹೆಸರು ಬಂದದ್ದು ನರ್ತಕಿಯ ಕಾಲಿನಿಂದಲ್ಲ, ಕೆರೆಯ ಏರಿಯ ಹುತ್ತದಿಂದ ಎಂದು ನನ್ನ ಊಹೆ. ಸಂಗೀತಕ್ಕೂ ಈ ಊರಿಗೂ ಸಂಬಂಧವೇನು ಎಂದು ನೀವು ಕೇಳಬಹುದು. ನನ್ನ ಮಟ್ಟಿಗೆ ಆ ಸಂಬಂಧವೆಂದರೆ ನನ್ನ ತಾತ.

ತಾತ ಒಕ್ಕಲುತನದವರು, ಸ್ವರಜ್ಞಾನವನ್ನು ಯಾರಲ್ಲಿಯೂ ಕಲಿತವರಲ್ಲ. ಆದರೂ ವರ್ಷಕ್ಕೊಮ್ಮೆ ರಾಮನವಮಿಯ ಕಾಲದಲ್ಲಿ ಗೆಜ್ಜಲಗೆರೆಯಿಂದ ಮದ್ದೂರಿಗೆ ನಡೆದು, ರೈಲು ಹತ್ತಿ, ಮೈಸೂರಿಗೆ ಹೋಗಿ ಕಚೇರಿ ಕೇಳಿಕೊಂಡು ಬರುತ್ತಿದ್ದರು. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರದಲ್ಲಿ ಚೌಡಯ್ಯನವರ ಪಿಟೀಲು ಕೇಳಿದ್ದನ್ನು ಅವರು ನೂರು ಸಲವಾದರೂ ಹೇಳಿದ್ದಾರು. ‘ಬಾಗಿಲಾಚೆ ಬೀದೀಲಿ ನಿಂತಿದ್ದೆ ಕಣಪ್ಪ, ಎದೆ ಮೇಲೆ ಕೂತು ನುಡಿಸ್ದಂಗೆ ಕೇಳ್ತಿತ್ತು’ ಎನ್ನುತ್ತಿದ್ದರು. ಮುದುಕರ ಉತ್ಪ್ರೇಕ್ಷೆ ಎಂದು ನಾನು ನಗುತ್ತಿದ್ದೆ. ಅದು ಉತ್ಪ್ರೇಕ್ಷೆಯಾಗಿರಲಿಲ್ಲ.

ತಿರುಮಕೂಡಲಿನ ಚೌಡಯ್ಯನವರು 1895ರಲ್ಲಿ ಹುಟ್ಟಿದವರು. ಬಿಡಾರಂ ಕೃಷ್ಣಪ್ಪನವರ ಕಟ್ಟುನಿಟ್ಟಿನ ಗುರುಕುಲದಲ್ಲಿ ಬೆಳೆದವರು. ಅವರು ಹೆಸರು ಮಾಡುವ ಹೊತ್ತಿಗೆ ಕಚೇರಿಯು ಅರಮನೆಯ ತೊಟ್ಟಿಯನ್ನು ಬಿಟ್ಟು ಚಪ್ಪರಕ್ಕೆ, ಸಭಾಂಗಣಕ್ಕೆ ಬಂದಿತ್ತು. ಕೇಳುವವರು ನೂರಾರು ಮಂದಿ, ಧ್ವನಿವರ್ಧಕವಿಲ್ಲ. ಗಾಯಕನ ಕಂಠ ಹೇಗೋ ಹಿಂದಿನ ಸಾಲನ್ನು ಮುಟ್ಟುತ್ತಿತ್ತು. ನಾಲ್ಕು ತಂತಿಯ ಪಿಟೀಲು ಮುಟ್ಟುತ್ತಿರಲಿಲ್ಲ. ಚೌಡಯ್ಯನವರು 1927ರಲ್ಲಿ ಇದ್ದ ನಾಲ್ಕಕ್ಕೆ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿಕೊಂಡರು. ಬೆರಳು ಒಂದು ತಂತಿಯನ್ನೊತ್ತುವ ಕಡೆ ಜೋಡಿ ತಂತಿಯನ್ನು ಒತ್ತಬೇಕು, ಎರಡೂ ಕೂದಲೆಳೆಯಷ್ಟೂ ತಪ್ಪದೆ ಶ್ರುತಿಗೂಡಬೇಕು, ಕಮಾನಿಗೆ ಇಮ್ಮಡಿ ಬಲ ಬೇಕು. ಮುಂದೆ ಹತ್ತೊಂಬತ್ತು ತಂತಿಗಳವರೆಗೂ ಅವರ ಪ್ರಯೋಗ ಸಾಗಿತು. ಇದನ್ನು ಎಲ್ಲರೂ ಒಪ್ಪಲಿಲ್ಲವೆಂಬುದು ನಿಜ. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ‘ಸಂಗೀತ ಕಳಾನಿಧಿ’ ಗೌರವ ಅವರಿಗೆ ಸಂದಿತು. 1967ರಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ಮೈಕು ಊರೂರಿಗೂ ಬಂದಿತ್ತು. ಅವರ ನಂತರದ ಬಹುಪಾಲು ಪಿಟೀಲುಗಾರರು ನಾಲ್ಕು ತಂತಿಯಲ್ಲಿಯೇ ನಿಂತರು. ಪ್ರಯೋಗ ಸೋತಿತು ಎಂದು ಇದನ್ನು ಬರೆಯುವವರುಂಟು. ನನಗೆ ಹಾಗೆ ತೋರುವುದಿಲ್ಲ. ಹಸಿವು ತೀರಿದ ಮೇಲೆ ಎಲೆಯನ್ನು ಮಡಿಸಿಟ್ಟರೆ ಅಡುಗೆ ಕೆಟ್ಟಿತ್ತೆಂದು ಅರ್ಥವೆ?

ಏಳು ತಂತಿಗಿಂತಲೂ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಚೌಡಯ್ಯನವರು ಅರಿಯಾಕುಡಿ, ಚೆಂಬೈ, ಮುಸಿರಿ ಮೊದಲಾದ ದಿಗ್ಗಜರಿಗೆ ಪಕ್ಕವಾದ್ಯ ನುಡಿಸಿದವರು. ಇಂಥ ಕಚೇರಿಗಳಿಗೆ ಮುಂಚಿತವಾದ ಅಭ್ಯಾಸವೆಂಬುದು ರೂಢಿಯಲ್ಲಿರಲಿಲ್ಲ. ಗಾಯಕನು ಒಂದು ಊರಿನಿಂದ ರೈಲಿಳಿದು ಬರುತ್ತಾನೆ. ಮೃದಂಗದವನು ಮತ್ತೊಂದು ಊರಿನವನು. ಯಾವ ರಾಗ, ಯಾವ ಪಲ್ಲವಿ, ಎಡುಪು ಎಲ್ಲಿ ಎಂಬುದು ಪಕ್ಕದವರಿಗೆ ತಿಳಿಯುವುದು ಅದು ಬಾಯಿಂದ ಹೊರಟಾಗಲೇ. ಆದರೂ ಮೂರು ನಾಲ್ಕು ಗಂಟೆ ಸಂಗೀತ ನಡೆಯುತ್ತದೆ, ತನಿ ಆವರ್ತನದ ಕೊನೆಯ ಮುಕ್ತಾಯ ಮೂರು ಸಲ ಸುತ್ತಿ ಸರಿಯಾಗಿ ಪಲ್ಲವಿಯ ಎಡುಪಿಗೇ ಬಂದು ಬೀಳುತ್ತದೆ. ಮನೋಧರ್ಮವನ್ನು ನಾವು ಪಂಡಿತರು ಕಲೆಯ ಶಿಖರವೆಂದು ಹೊಗಳುತ್ತೇವೆ. ಅದು ಸಂಚಾರಿಗಳ ಬುತ್ತಿಯೂ ಹೌದು ಎಂಬುದು ಎಷ್ಟೋ ವರ್ಷ ನನಗೆ ಹೊಳೆದಿರಲಿಲ್ಲ. ಪರಿಚಯವಿಲ್ಲದವರು ಒಂದೆಡೆ ಕೂತು ಸಂಗೀತ ಕಟ್ಟಬೇಕಾದರೆ ಎಲ್ಲವನ್ನೂ ಮೊದಲೇ ಗೊತ್ತುಮಾಡಿಟ್ಟುಕೊಳ್ಳಲಾಗದು; ಕಟ್ಟಳೆಯನ್ನು ಹಂಚಿಕೊಂಡು ಉಳಿದದ್ದನ್ನು ಆ ಗಳಿಗೆಗೆ ಬಿಡಬೇಕು.

ಅಮೆರಿಕದ ಜಾಝ್ ಸಂಗೀತಗಾರರ ಬದುಕೂ ಹೀಗೆಯೇ ನಡೆಯಿತು. ಹೆಸರಾಂತ ವಾದಕ ತನ್ನ ವಾದ್ಯವೊಂದನ್ನೇ ಹಿಡಿದು ಊರಿಂದೂರಿಗೆ ಹೋಗುವುದು, ಅಲ್ಲಿಯ ಡ್ರಮ್ಮು, ಪಿಯಾನೊಗಳವರ ಜೊತೆ ಅಂದು ಸಂಜೆಯೇ ನುಡಿಸುವುದು. ಅವರಿಗೆ ಸ್ವರಮೇಳದ ಒಂದು ಸರಣಿ ನೆಲಗಟ್ಟು; ನಮಗೆ ಕದಲದ ಶ್ರುತಿ, ರಾಗ, ತಾಳ. ನೆಲಗಟ್ಟು ಬೇರೆ, ಹೂಟ ಒಂದೇ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. 1984ರಲ್ಲಿ, ನಾನು ಎಂ.ಎ. ಓದುತ್ತಿದ್ದಾಗ, ಗೆಳೆಯನೊಬ್ಬ ಒಂದು ಗ್ರಾಮಫೋನ್ ತಟ್ಟೆ ತಂದ. ಅದರ ಹೆಸರು ‘ಜ್ಯೋತಿ’. 1983ರಲ್ಲಿ ಜರ್ಮನಿಯ ಇ.ಸಿ.ಎಂ. ಸಂಸ್ಥೆಗಾಗಿ ಮುದ್ರಣವಾದದ್ದು. ನುಡಿಸಿದವರು ಬಾಸ್ಟನ್ನಿನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಮತ್ತು ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನವರು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ತಟ್ಟೆಯಲ್ಲಿದ್ದ ರಚನೆಗಳು ಆರ್.ಎ. ರಮಾಮಣಿಯವರವು, ಹಾಡಿದವರೂ ಅವರೇ. ಆ ತಂಡಕ್ಕೆ ಹೊರನಾಡಿನವರ ಸಹವಾಸ ಹೊಸದಾಗಿರಲಿಲ್ಲ. ಮ್ಯೂನಿಕ್ಕಿನ ‘ಎಂಬ್ರಿಯೋ’ ಎಂಬ ವಾದ್ಯತಂಡ 1978ರಲ್ಲಿ ಬಸ್ಸಿನಲ್ಲಿ ನೆಲದ ದಾರಿ ಹಿಡಿದು, ಅಫ್ಘಾನಿಸ್ತಾನವನ್ನು ಹಾದು ಭಾರತಕ್ಕೆ ಬಂದು, ದಾರಿಯುದ್ದಕ್ಕೂ ಸಿಕ್ಕವರೊಡನೆ ನುಡಿಸುತ್ತ ಇವರೊಡನೆಯೂ ಜೊತೆಗೂಡಿತ್ತು.

ಇದಾವುದೂ ನನಗಾಗ ತಿಳಿಯದು. ತಟ್ಟೆಯ ಒಂದು ಬದಿಯನ್ನು ಕೇಳಿ ಎದ್ದುಬಂದು, ನಮ್ಮ ವಾರ್ಷಿಕ ಸಂಚಿಕೆಗೆ ‘ಕಲಬೆರಕೆ’ ಎಂಬ ಲೇಖನವನ್ನು ಬರೆದುಕೊಟ್ಟೆ. ಗಮಕವಿಲ್ಲದ ವಾದ್ಯದಿಂದ ರಾಗ ನುಡಿಸುವುದು ಹಲ್ಲಿಲ್ಲದವನು ವೇದ ಹೇಳಿದಂತೆ ಎಂದು ಅದರಲ್ಲಿ ತೀರ್ಪು ಕೊಟ್ಟಿದ್ದೆ. ಆ ಉಪಮೆಗೆ ಹಿರಿಯರ ಮೆಚ್ಚುಗೆಯೂ ಸಿಕ್ಕಿತು. ಸಂಚಿಕೆ ಇನ್ನೂ ನನ್ನ ಕಪಾಟಿನಲ್ಲಿದೆ.

ನನ್ನ ತೀರ್ಪಿಗೆ ನಾಲ್ಕು ವರ್ಷ ಮೊದಲೇ ಉತ್ತರ ಸಿದ್ಧವಾಗಿತ್ತು. ಬಂಟ್ವಾಳ ಸೀಮೆಯ ಸಜಿಪದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದವರು. ಚಿಕ್ಕಂದಿನಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತರು. ಬೆಲ್ಜಿಯಮ್ಮಿನ ಅಡಾಲ್ಫ್ ಸಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ, ದಂಡಿನ ವಾದ್ಯಮೇಳಗಳಲ್ಲಿ ಬಳಕೆಗೆ ಬಂದ ವಾದ್ಯ ಅದು. ಅದರಿಂದ ಗಮಕವನ್ನು ಹೊರಡಿಸಲು ಅವರು ವಾದ್ಯವನ್ನೂ ಕೊಂಚ ಮಾರ್ಪಡಿಸಿಕೊಂಡರು, ತಮ್ಮ ಉಸಿರನ್ನೂ ಪಳಗಿಸಿಕೊಂಡರು. ಅದಕ್ಕೆ ಹಿಡಿದದ್ದು ಸುಮಾರು ಇಪ್ಪತ್ತು ವರ್ಷ. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಕ್ಯಾಲಿಫೋರ್ನಿಯದಿಂದ ಬಂದಿದ್ದ ಜಾನ್ ಹ್ಯಾಂಡಿ ಇವರ ವಾದನವನ್ನು ಕೇಳಿದರು. ತಾವೂ ಜೊತೆಗೆ ನುಡಿಸಬಹುದೆ ಎಂದು ವಿಚಾರಿಸಿದರು. ಹಾಗೆ ಒಂದೇ ಜಾತಿಯ ಎರಡು ವಾದ್ಯಗಳು, ಎರಡು ಸಂಪ್ರದಾಯಗಳಿಂದ ಬಂದವು, ಒಂದೇ ವೇದಿಕೆಯಲ್ಲಿ ಸಂವಾದಕ್ಕಿಳಿದವು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವ ಗೋಪಾಲನಾಥರನ್ನು ಕರೆಸಿಕೊಂಡಿತು. ಕನ್ನಡ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ 2008ರಲ್ಲಿ ಅವರೊಡನೆ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಗೋಪಾಲನಾಥರು 2019ರಲ್ಲಿ ನಿಧನರಾದರು.

ಈಚೆಗೆ ‘ಜ್ಯೋತಿ’ಯ ಎರಡೂ ಬದಿಗಳನ್ನು ಸಮಾಧಾನದಿಂದ ಕೇಳಿದೆ. ಮರಿಯಾನೊ ನಮ್ಮವರಂತೆ ನುಡಿಸಲು ಹೆಣಗುವುದಿಲ್ಲ. ರಮಾಮಣಿಯವರ ದನಿ ಏರಿದ ಕಡೆ ಕಾಯುತ್ತಾರೆ, ಅದು ಇಳಿದ ಮೇಲೆ ತಮ್ಮ ಮಾತನ್ನು ಹೇಳುತ್ತಾರೆ. ಅವರನ್ನು ಕಟ್ಟಿಹಿಡಿದಿರುವುದು ರಾಗಕ್ಕಿಂತ ಹೆಚ್ಚಾಗಿ ಲಯ. ಘಟ, ಖಂಜಿರಗಳ ಜೊತೆಗೆ ಬಾಯಿಂದಲೇ ಒಪ್ಪಿಸುವ ಕೊನ್ನಕ್ಕೋಲು. ನಲವತ್ತು ವರ್ಷ ಹಿಂದೆ ನನಗೆ ಕೇಳಿಸದೆ ಹೋದದ್ದು ಆ ಕಾಯುವಿಕೆ. ಹಾಗೆಂದು ‘ಫ್ಯೂಷನ್’ ಎಂಬ ಹಣೆಪಟ್ಟಿ ಹೊತ್ತದ್ದನ್ನೆಲ್ಲ ಒಪ್ಪುವಷ್ಟು ಉದಾರಿ ನಾನಾಗಿಲ್ಲ. ಎಷ್ಟೋ ಸಂಜೆಗಳಲ್ಲಿ ಪ್ರತಿ ನಿಮಿಷವೂ ಮೊದಲೇ ನಿಗದಿಯಾಗಿರುತ್ತದೆ, ಒಬ್ಬರನ್ನೊಬ್ಬರು ನೋಡುವ ಅಗತ್ಯವೇ ಇರುವುದಿಲ್ಲ. ನನ್ನ ಹಳೆಯ ಶೀರ್ಷಿಕೆಯನ್ನು ಅವಕ್ಕೆ ಧಾರಾಳವಾಗಿ ಬಿಟ್ಟುಕೊಡಬಲ್ಲೆ.

ಕಳೆದ ವರ್ಷ ಗೆಜ್ಜಲಗೆರೆಯಲ್ಲಿ ನಮ್ಮ ನೆಂಟರ ಮದುವೆ. ವಾಲಗಕ್ಕೆ ನಾಗಸ್ವರದ ಬದಲು ಸ್ಯಾಕ್ಸೊಫೋನ್ ಬಂದಿತ್ತು. ಜೊತೆಗೆ ಒಬ್ಬ ಡೋಲಿನವನು. ಗಂಡಿನ ಕಡೆಯವರ ಬಸ್ಸು ದಾರಿಯಲ್ಲಿ ತಡವಾಯಿತು. ಗಟ್ಟಿಮೇಳಕ್ಕೆ ಹೊತ್ತಿತ್ತು, ಸುಮ್ಮನೆ ಕೂರುವಂತಿರಲಿಲ್ಲ. ಸ್ಯಾಕ್ಸೊಫೋನಿನವನು ಮೋಹನವನ್ನು ಹಿಡಿದ. ಅರ್ಧ ಗಂಟೆ ಅದನ್ನು ಬಿಡಲಿಲ್ಲ. ಡೋಲಿನವನು ಅವನ ಕೆನ್ನೆಯನ್ನೇ ನೋಡುತ್ತ, ಉಸಿರು ತುಂಬುವ ಸಂದಿನಲ್ಲೆಲ್ಲ ಒಂದೊಂದು ಚಿಕ್ಕ ತೀರ್ಮಾನವನ್ನು ಇಡುತ್ತ ಹೋದ. ಹೂ ಕಟ್ಟುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಕೇಳಿದರು. ಊಟದ ಪಂಕ್ತಿಯಲ್ಲಿ ಇಬ್ಬರೂ ನನ್ನ ಎದುರಿಗೇ ಕೂತಿದ್ದರು. ಎಷ್ಟು ವರ್ಷದ ಜೊತೆ ಎಂದು ಕೇಳಿದೆ. ಒಬ್ಬ ಚನ್ನಪಟ್ಟಣದ ಕಡೆಯವನು, ಇನ್ನೊಬ್ಬ ಮಳವಳ್ಳಿಯವನು. ಡೋಲಿನವನು ಅನ್ನ ಕಲೆಸುತ್ತ ಹೇಳಿದ: ‘ಇವತ್ತು ಬೆಳಿಗ್ಗೆ ಬಸ್ ಸ್ಟಾಂಡಲ್ಲಿ ಸಿಕ್ಕುದ್ರು ಸಾ.’