ಸೋಡಿಯಂ ಆಸಿಡ್ ಪೈರೋಫಾಸ್ಫೇಟ್ (ಐ.ಎನ್.ಎಸ್. 450(ಐ)): ಸಾರ್ವಜನಿಕರಿಗೆ ಮಾಹಿತಿ

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಹಾಗೂ ಹಳೇಬೀಡಿನಲ್ಲಿ ಬೇಕರಿ ಮತ್ತು ಕುರುಕಲು ತಿಂಡಿ ತಯಾರಿಕೆಗಾಗಿ ನೋಂದಣಿ ಅಥವಾ ಪರವಾನಗಿ ಕೋರುವವರ ಹಾಗೂ ಗ್ರಾಹಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಪದಾರ್ಥದ ಸ್ವರೂಪ
ಇದು ಬಿಳಿ ಪುಡಿಯ ರೂಪದ ಫಾಸ್ಫೇಟ್ ಲವಣ. ಅಡುಗೆ ಸೋಡಾದೊಡನೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುಗಡೆ ಮಾಡಿ ಹಿಟ್ಟನ್ನು ಉಬ್ಬಿಸುತ್ತದೆ. ಈ ಕ್ರಿಯೆಯು ಬಹುಪಾಲು ಒಲೆಯ ಶಾಖದಲ್ಲಿಯೇ ನಡೆಯುವುದರಿಂದ ಕಲಸಿದ ಹಿಟ್ಟು ಬೇಗನೆ ಕುಸಿಯುವುದಿಲ್ಲ. ಅಮೆರಿಕದ ರಸಾಯನಶಾಸ್ತ್ರಜ್ಞ ಎಬೆನ್ ಹಾರ್ಸ್‌ಫರ್ಡ್ 1856ರಲ್ಲಿ ಪೇಟೆಂಟ್ ಪಡೆದ ಕ್ಯಾಲ್ಸಿಯಂ ಫಾಸ್ಫೇಟ್ ಇದೇ ವರ್ಗಕ್ಕೆ ಸೇರಿದೆ.

ಆಲೂಗಡ್ಡೆ ಸಂಸ್ಕರಣೆ
ಹಾಸನವು ರಾಜ್ಯದ ಪ್ರಮುಖ ಆಲೂಗಡ್ಡೆ ಬೆಳೆಯುವ ಜಿಲ್ಲೆಯಾಗಿದೆ. ಬೇಯಿಸಿದ ಆಲೂಗಡ್ಡೆಯಲ್ಲಿರುವ ಕಬ್ಬಿಣವು ಕ್ಲೋರೋಜೆನಿಕ್ ಆಮ್ಲದೊಡನೆ ಸೇರಿ, ಗಾಳಿಗೆ ತೆರೆದಾಗ ಬೂದು ಬಣ್ಣ ತಳೆಯುತ್ತದೆ. ಈ ಲವಣವು ಕಬ್ಬಿಣವನ್ನು ಬಂಧಿಸಿ ಬಣ್ಣಗೆಡುವುದನ್ನು ತಡೆಯುತ್ತದೆ. ಆದರೆ ಕೊಳೆತ ಗಡ್ಡೆಯನ್ನು ಇದು ಸುರಕ್ಷಿತಗೊಳಿಸುವುದಿಲ್ಲ.

ಆರೋಗ್ಯ
ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2019ರಲ್ಲಿ ಎಲ್ಲ ಮೂಲಗಳಿಂದ ದೊರೆಯುವ ರಂಜಕಕ್ಕೆ ದಿನವೊಂದಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 40 ಮಿಲಿಗ್ರಾಂ ಮಿತಿಯನ್ನು ಸೂಚಿಸಿದೆ; 60 ಕಿಲೋಗ್ರಾಂ ತೂಕದವರಿಗೆ ಇದು 2400 ಮಿಲಿಗ್ರಾಂ ಆಗುತ್ತದೆ. ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಈ ಮಿತಿ ಅನ್ವಯಿಸುವುದಿಲ್ಲ. ಕಾಳುಗಳಲ್ಲಿನ ರಂಜಕಕ್ಕಿಂತ ಸೇರ್ಪಡೆಯ ಫಾಸ್ಫೇಟ್ ಸುಲಭವಾಗಿ ರಕ್ತಕ್ಕೆ ಸೇರುವುದರಿಂದ ಅಂತಹವರು ವೈದ್ಯರ ಸಲಹೆ ಪಡೆಯತಕ್ಕದ್ದು.

ತಯಾರಕರು ಗಮನಿಸಬೇಕಾದ ಅಂಶಗಳು
1. ಆಹಾರ ದರ್ಜೆಯ ಪದಾರ್ಥವನ್ನು ಮಾತ್ರ ಬಿಲ್ ಸಹಿತ ಖರೀದಿಸಿ, ಬಿಲ್ಲನ್ನು ಕಾಯ್ದಿರಿಸುವುದು.
2. ಅನುಮತಿಸಲಾದ ತಿನಿಸುಗಳಲ್ಲಿ ಮಾತ್ರ, ಅಳತೆ ಮಾಡಿ ಬಳಸುವುದು.
3. ಪೊಟ್ಟಣದ ಮೇಲೆ ಸೇರ್ಪಡೆಯ ವರ್ಗವನ್ನೂ, ಅದರ ಹೆಸರು ಅಥವಾ ಐ.ಎನ್.ಎಸ್. ಸಂಖ್ಯೆಯನ್ನೂ ನಮೂದಿಸುವುದು.
4. 14 ಅಂಕಿಗಳ ನೋಂದಣಿ ಅಥವಾ ಪರವಾನಗಿ ಸಂಖ್ಯೆಯನ್ನು ಪ್ರದರ್ಶಿಸುವುದು.

ಅರ್ಜಿ ಮತ್ತು ದೂರು
ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಕಲಂ 31ರನ್ವಯ ಸಣ್ಣ ತಯಾರಕರು ನೋಂದಣಿಯನ್ನೂ, ಇತರರು ಪರವಾನಗಿಯನ್ನೂ ಪಡೆಯತಕ್ಕದ್ದು. ಅರ್ಜಿಗಳನ್ನು ಫಾಸ್ಕಾಸ್ ಅಂತರ್ಜಾಲ ತಾಣದಲ್ಲಿ ಸಲ್ಲಿಸಬಹುದು.

ಬಿಡಿಯಾಗಿ ಮಾರುವ ತಿನಿಸಿಗೆ ಪೊಟ್ಟಣದ ವಿವರ ಇರುವುದಿಲ್ಲವಾದ್ದರಿಂದ ಗ್ರಾಹಕರು ಮಾರಾಟಗಾರರನ್ನು ವಿಚಾರಿಸಬಹುದು. ಸಂದೇಹವಿದ್ದಲ್ಲಿ ಕಲಂ 40ರನ್ವಯ, ಖರೀದಿಸುವಾಗಲೇ ಮಾರಾಟಗಾರರಿಗೆ ತಿಳಿಸಿ, ನಿಗದಿತ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ವರದಿಯಲ್ಲಿ ಉಲ್ಲಂಘನೆ ಕಂಡುಬಂದಲ್ಲಿ ಶುಲ್ಕವನ್ನು ಹಿಂದಿರುಗಿಸಲಾಗುವುದು.

ಹೆಚ್ಚಿನ ಮಾಹಿತಿಗಾಗಿ ಆಹಾರ ಸುರಕ್ಷತಾ ಅಧಿಕಾರಿಗಳನ್ನು ಅಥವಾ ಹಾಸನ ಜಿಲ್ಲೆಯ ಅಂಕಿತ ಅಧಿಕಾರಿಗಳನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಿದೆ.